ನಾಯಿ ಕಚ್ಚಿದ ಕಿವಿ

ಹಾಸೆಲ್‌ಗ್ರಾಬದ ಒರ್ಟೋಲ್ಫ್ ಎಡಗಿವಿ ಮುಚ್ಚುವಂತೆ ಕೂದಲು ಬಿಡತೊಡಗಿದ್ದು ಐವತ್ತರ ಹತ್ತಿರ ಬಂದಾಗ. ಅದಕ್ಕೆ ಮೊದಲು ಆ ಕಿವಿಯನ್ನು ಊರಿಗೆಲ್ಲ ತೋರಿಸಿಕೊಂಡು ಓಡಾಡಿದ ಮನುಷ್ಯ ಅವನು. ಮೇಲಂಚಿನಲ್ಲಿ ಉಗುರು ಕೂರುವಷ್ಟು ಒಂದು ಕಚ್ಚು ಬಿದ್ದ ಕಿವಿ. ಬೇರೆಯವರ ಬಾಳನ್ನು ಅವರು ಹೋದ ದಂಡಯಾತ್ರೆಯಿಂದಲೋ ಕಟ್ಟಿಸಿದ ಚರ್ಚಿನಿಂದಲೋ ಅಳೆಯುತ್ತಾರೆ. ಒರ್ಟೋಲ್ಫನ ಮಟ್ಟಿಗೆ ಆ ಕಿವಿಯೊಂದೇ ಸಾಕು.

ಹಾಗಂತ ಅವನು ಬಡಪಾಯಿಯೇನಲ್ಲ. ಡ್ಯಾನ್ಯೂಬ್ ನದಿಯ ಬಡಗು ದಂಡೆಯಿಂದ ಅರ್ಧ ದಿನ ಕಾಡುಗುಡ್ಡ ಹತ್ತಿದರೆ ಅವನ ಗೋಪುರ ಸಿಗುತ್ತಿತ್ತು. ಗೋಪುರವೆಂದರೆ ದೊಡ್ಡ ಕೋಟೆ ಅಂದುಕೊಳ್ಳಬೇಡಿ. ಮೂರು ಅಂತಸ್ತಿನ ಕಲ್ಲುಕಟ್ಟಡ. ಕೆಳಗೆ ದನ, ನಡುವೆ ಮನುಷ್ಯರು, ಮೇಲೆ ರೈ ಕಾಳು ಮತ್ತು ಇಲಿಗಳು. ಎರಡು ಕುದುರೆ, ಒಂದು ಒಳ್ಳೆಯ ಕತ್ತಿ, ಬೆಳ್ಳಿಯ ಬಕಲಿನ ನಡುಪಟ್ಟಿ. ಅವನು ಬಂದರೆ ಹಳ್ಳಿಯ ರೈತರು ಟೋಪಿ ತೆಗೆದು ಕೆಸರಿಗೆ ಸರಿದು ನಿಲ್ಲುತ್ತಿದ್ದರು. ಡ್ಯೂಕನ ದಂಡಿನ ಜೊತೆ ಎರಡು ಸಲ ಹೋಗಿದ್ದ. ಒಂದರಿಂದ ಚಳಿಜ್ವರ ಹೊತ್ತು ತಂದ, ಇನ್ನೊಂದರಿಂದ ಕುದುರೆ ಕಳೆದುಕೊಂಡು ನಡೆದುಕೊಂಡು ಬಂದ. ಎರಡನ್ನೂ ಊಟದ ಹೊತ್ತಿಗೆ ವೀರಗಾಥೆಯ ಹಾಗೆ ಹೇಳುತ್ತಿದ್ದ.

ಆದರೆ ಒರ್ಟೋಲ್ಫ್ ಸ್ವತಂತ್ರನಲ್ಲ. ಕುದುರೆ ಏರುತ್ತಿದ್ದ, ಕತ್ತಿ ಕಟ್ಟುತ್ತಿದ್ದ, ರೈತರನ್ನು ಗದರಿಸುತ್ತಿದ್ದ, ಎಲ್ಲ ನಿಜ. ಆದರೆ ಅವನೇ ಆಸ್ಟ್ರಿಯದ ಡ್ಯೂಕನ ಸೊತ್ತು. ಡ್ಯೂಕನ ಅಪ್ಪಣೆ ಇಲ್ಲದೆ ಮದುವೆಯಾಗುವಂತಿಲ್ಲ, ಯಾರನ್ನೂ ಮದುವೆ ಮಾಡಿಕೊಡುವಂತಿಲ್ಲ. ಡ್ಯೂಕ ಮನಸ್ಸು ಮಾಡಿದರೆ ಅವನನ್ನು ಗೋಪುರದ ಸಮೇತ ಇನ್ನೊಬ್ಬರಿಗೆ ದಾನ ಕೊಡಬಹುದಿತ್ತು. ನಮ್ಮ ಗುಡ್ಡಗಳ ಗೋಪುರಗಳಲ್ಲಿ ಬಹುಪಾಲು ಒಡೆಯರ ಪಾಡು ಇದೇ. ಹೊರಗೆ ಒಡೆಯ, ಒಳಗೆ ಆಳು. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಉಳಿದವರು ಅದನ್ನು ಹಳೆಯ ಅಂಗಿಯ ಹಾಗೆ ಹಾಕಿಕೊಂಡು ಆರಾಮಾಗಿದ್ದರು. ಒರ್ಟೋಲ್ಫನಿಗೆ ಮಾತ್ರ ಅದು ಮೈಮೇಲೆ ತುರಿಕೆ.

ಅವನ ಅಪ್ಪ ಇರ್ನ್‌ಫ್ರಿಡ್ ಡ್ಯೂಕನ ಆಳು, ತಾಯಿ ನದಿಯಾಚೆಯ ಬಿಷಪ್ಪನ ಆಳು. ಹೀಗೆ ಎರಡು ಯಜಮಾನರ ಜನ ಮದುವೆಯಾದರೆ ಹುಟ್ಟಿದ ಮಕ್ಕಳನ್ನು ಆ ಯಜಮಾನರು ಹಂಚಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಅಪ್ಪ ಅಮ್ಮನಿಗೆ ಉಳಿದದ್ದು ಇಬ್ಬರೇ. ಹಿರಿಯವಳು ಪೆರ್ಖ್ಟಾ ಬಿಷಪ್ಪನ ಪಾಲಿಗೆ, ಏಳು ವರ್ಷ ಚಿಕ್ಕವನಾದ ಒರ್ಟೋಲ್ಫ್ ಡ್ಯೂಕನ ಪಾಲಿಗೆ.

ಹಂಚಿಕೆ ನಡೆದದ್ದು ಹಳ್ಳಿಯ ಲಿಂಡನ್ ಮರದ ಕೆಳಗೆ. ಪೆರ್ಖ್ಟಾಳನ್ನು ನದಿಯಾಚೆಯ ಒಬ್ಬ ಬಿಷಪ್ಪನ ಆಳಿಗೆ ಮದುವೆ ಮಾಡಿ ಕಳಿಸುವ ದಿನ. ಇರ್ನ್‌ಫ್ರಿಡ್ ಮಾತು ಕಡಿಮೆಯ ಮನುಷ್ಯ. ಅವತ್ತು ಮಾತ್ರ ಬಿಷಪ್ಪನ ಪಾರುಪತ್ಯಗಾರನ ಎದುರು ಕಾಲೂರಿ ನಿಂತು ಒಂದು ಷರತ್ತು ಹಾಕಿದ. ಮಗಳು ವಿಧವೆಯಾದರೆ ಅವಳೂ ಅವಳಿಗೆ ಬೇಕಾದ ಒಂದು ಮಗುವೂ ತವರಿಗೆ ಮರಳಬಹುದು, ಆಮೇಲೆ ಬಿಷಪ್ಪನಿಗೆ ಅವರ ಮೇಲೆ ಹಕ್ಕಿಲ್ಲ. ಪಾರುಪತ್ಯಗಾರ ಗೊಣಗಿದ, ಕೊನೆಗೆ ಒಪ್ಪಿ ಅದನ್ನು ಗಟ್ಟಿಯಾಗಿ ಹೇಳಿದ. ಆಮೇಲೆ ಸಾಕ್ಷಿಗಳ ಕಿವಿ ಹಿಂಡಿದರು.

ನಮ್ಮಲ್ಲಿ ಸಾಕ್ಷಿಯೆಂದರೆ ಕಿವಿ ಹಿಂಡಿಸಿಕೊಂಡವನು. ಕೇಳಿದ್ದು ನೆನಪಿರಲಿ ಅಂತ ಕಿವಿ ಹಿಡಿದು ಎಳೆಯುತ್ತಾರೆ. ಹಿಂಡಿಸಿಕೊಂಡ ಕಿವಿಯವನು ಸಾಯುವ ತನಕ ಆ ಮಾತಿನ ಕಾವಲುಗಾರ. ದೊಡ್ಡವರ ಕಿವಿಯನ್ನೆಲ್ಲ ಲೆಕ್ಕಕ್ಕೆ ಹಿಂಡಿ ಮುಗಿಸಿದ ಮೇಲೆ ಇರ್ನ್‌ಫ್ರಿಡ್ ಮಗನನ್ನು ಎಳೆದು ಮುಂದೆ ನಿಲ್ಲಿಸಿಕೊಂಡ.

"ಇವರೆಲ್ಲ ನನಗಿಂತ ಮುಂಚೆ ಸಾಯೋ ಮುದುಕರು. ನೀನು ಉಳೀತೀಯ," ಅಂದ. "ಅಕ್ಕನ ಮಾತು ನಿನ್ ಹತ್ರ ಇರುತ್ತೆ. ತಿಳೀತಾ?"

ಹೇಳುತ್ತಲೇ ಎಡಗಿವಿ ಹಿಡಿದು ಎಂಥಾ ಹಿಂಡು ಹಿಂಡಿದನೆಂದರೆ, ಅಪ್ಪನ ದಪ್ಪ ಉಗುರು ಹುಡುಗನ ಕಿವಿಯಂಚನ್ನು ಸೀಳಿಬಿಟ್ಟಿತು. ರಕ್ತ ಕುತ್ತಿಗೆಗೆ ಇಳಿಯಿತು. ಹುಡುಗ ಕಿರುಚಿದ, ಜನ ನಕ್ಕರು. ಪೆರ್ಖ್ಟಾ ತನ್ನ ಮದುವೆಯ ಬಟ್ಟೆಯಲ್ಲೇ ಕೂತು ಗಾಯಕ್ಕೆ ಬಾತುಕೋಳಿಯ ಕೊಬ್ಬು ಹಚ್ಚಿದಳು, ಉಫ್ ಉಫ್ ಅಂತ ಊದಿದಳು.

"ಅಳ್ಬೇಡ ಕಣೋ. ನೀನೇನಾದ್ರೂ ಮರೆತ್ಯೋ, ಬಂದು ಇನ್ನೊಂದು ಕಿವೀನೂ ಕಿತ್ತು ಕೈಗೆ ಕೊಡ್ತೀನಿ."

ಅವಳು ದೋಣಿ ಹತ್ತಿ ನದಿಯಾಚೆ ಹೋದಳು. ಗಾಯ ಮಾಯಿತು, ಕಚ್ಚು ಉಳಿಯಿತು.

ಒರ್ಟೋಲ್ಫ್ ಆ ಕಚ್ಚನ್ನು ಹೆಮ್ಮೆಯಿಂದಲೇ ಬೆಳೆಸಿಕೊಂಡ. ಡ್ಯೂಕನ ಇನ್ನೊಬ್ಬ ಆಳಿನ ಮಗಳು ವಿಲ್ಬಿರ್ಗ್‌ಳನ್ನು ಮದುವೆಯಾದ. ಇಬ್ಬರು ಗಂಡುಮಕ್ಕಳು ತೊಟ್ಟಿಲಲ್ಲೇ ಹೋದರು, ದೀಮುಟ್ ಎಂಬ ಮಗಳೊಬ್ಬಳು ಉಳಿದಳು. ಆ ಹುಡುಗಿಗೆ ಮಲಗುವ ಮುಂಚೆ ಅಪ್ಪನ ಕಿವಿಯ ಕಥೆಯೇ ಆಗಬೇಕು. ಅವನ ತೊಡೆಯೇರಿ ಕಚ್ಚಿನೊಳಗೆ ಪುಟ್ಟ ಬೆರಳಿಟ್ಟು "ಇಲ್ಲಿಂದ ಹೇಳಪ್ಪಾ" ಅನ್ನುತ್ತಿದ್ದಳು. ಅವನು ಮರ, ಪಾರುಪತ್ಯಗಾರ, ಷರತ್ತು, ರಕ್ತ, ಬಾತುಕೋಳಿ ಕೊಬ್ಬು ಎಲ್ಲ ಹೇಳಿ, ಕೊನೆಗೆ ಅಕ್ಕನ ದನಿಯಲ್ಲಿ ಇನ್ನೊಂದು ಕಿವಿಯ ಬೆದರಿಕೆ ಹಾಕುತ್ತಿದ್ದ. ಹುಡುಗಿ ಪ್ರತಿ ಸಲವೂ ನಗುತ್ತಿದ್ದಳು. ಒಂದು ಮಾತು ಆಚೀಚೆ ಆದರೂ ತಿದ್ದುತ್ತಿದ್ದಳು. ಆ ಷರತ್ತು ಅವಳಿಗೆ ಪ್ರಾರ್ಥನೆಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು.

ಇಷ್ಟಾದರೂ ಒರ್ಟೋಲ್ಫ್ ಒಂದೇ ಒಂದು ಸಲ ನದಿ ದಾಟಿ ಅಕ್ಕನನ್ನು ನೋಡಿಕೊಂಡು ಬರಲಿಲ್ಲ. ಕೇಳಿದರೆ ಉಳುಮೆ, ಕೊಯ್ಲು, ಡ್ಯೂಕನ ಕರೆ ಅನ್ನುತ್ತಿದ್ದ. ನಿಜವೇನೆಂದರೆ, ಬಿಷಪ್ಪನ ಹೆಣ್ಣಾಳುಗಳ ನಡುವೆ ದ್ರಾಕ್ಷಿ ಕೊಯ್ಯುತ್ತಿದ್ದ ಅಕ್ಕನನ್ನು ನೋಡಿದರೆ ತಾನೂ ಹಂಚಿಹೋದ ಕರುವೇ ಎಂಬುದು ನೆನಪಾಗುತ್ತಿತ್ತು. ಕಥೆಯ ಅಕ್ಕ ಅವನಿಗೆ ಸಾಕಾಗಿದ್ದಳು.

ದೀಮುಟ್‌ಗೆ ಹದಿನೇಳು ತುಂಬಿದಾಗ ಷ್ಟೈನೆಕ್‌ನ ರಪೋಟೋ ತನ್ನ ಎರಡನೆಯ ಮಗನಿಗೆ ಅವಳನ್ನು ಕೇಳಿದ. ಒರ್ಟೋಲ್ಫನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ರಪೋಟೋನ ಮನೆ ಸೋರುತ್ತಿತ್ತು, ಕುದುರೆ ಕುಂಟುತ್ತಿತ್ತು. ಆದರೆ ಆ ಮನೆತನ ಸ್ವತಂತ್ರ. ನ್ಯಾಯಸಭೆಯಲ್ಲಿ ಸ್ವತಂತ್ರರ ಬೆಂಚಿನ ಮೇಲೆ ಕೂರುವ ಹಕ್ಕಿದ್ದ, ಯಾರ ಸೊತ್ತೂ ಅಲ್ಲದ ಜನ. ಮಾತುಕತೆಯ ದಿನ ಎರಡು ಲೋಟ ವೈನ್ ಒಳಗೆ ಹೋದ ಮೇಲೆ ಒರ್ಟೋಲ್ಫ್ ನಾಲಿಗೆ ಸಡಿಲ ಬಿಟ್ಟ.

"ನಮ್ಮ ತಾತನವರು ಬವೇರಿಯದಿಂದ ಬಂದವರು, ಬೀಗರೇ. ಸ್ವತಂತ್ರರಾಗೇ ಬಂದವರು. ಡ್ಯೂಕನ ಸೇವೆ ಮಾಡ್ತೀವಿ, ಅದೊಂದು ಸ್ನೇಹಕ್ಕೆ."

"ಓಹೋ," ಅಂದ ರಪೋಟೋ, ಗಡ್ಡ ಒರೆಸಿಕೊಳ್ಳುತ್ತ. "ಸ್ನೇಹಕ್ಕೆ. ಒಳ್ಳೇದು."

ವಿಲ್ಬಿರ್ಗ್ ಗಸಗಸೆ ರೊಟ್ಟಿಯ ತಟ್ಟೆಯನ್ನು ಮೇಜಿನ ಮೇಲೆ ಬೇಕಿದ್ದಕ್ಕಿಂತ ಜೋರಾಗಿ ಇಟ್ಟಳು. ಒರ್ಟೋಲ್ಫ್ ಅವಳ ಕಡೆ ನೋಡಲಿಲ್ಲ.

ಆ ಶರತ್ಕಾಲದಲ್ಲೇ, ದ್ರಾಕ್ಷಿ ಕೊಯ್ಲು ಮುಗಿಯುತ್ತಿದ್ದ ಹಾಗೆ, ಬೆನ್ನ ಮೇಲೆ ಗಂಟು ಹೊತ್ತ ಒಬ್ಬ ಹೆಂಗಸು ಒಬ್ಬ ಹುಡುಗಿಯ ಕೈ ಹಿಡಿದುಕೊಂಡು ಗುಡ್ಡ ಹತ್ತಿ ಬಂದಳು. ಬಾಗಿಲು ತೆಗೆದ ಆಳಿನ ತಲೆಯ ಮೇಲಿಂದಲೇ ಅವಳ ದನಿ ಒಳಗೆ ಬಂತು.

"ಏನೋ, ಕದ ತೆಗೆಯೋಕೂ ಆಳು ಇಟ್ಕೊಂಡಿದ್ದೀಯಾ? ದೊಡ್ಡ ಮನುಷ್ಯ ಆಗ್ಬಿಟ್ಟೆ ಬಿಡು."

"ಅಕ್ಕಾ!"

"ಅಕ್ಕನೇ, ದೆವ್ವ ಅಲ್ಲ. ಎಲ್ಲಿ, ಕಿವಿ ತೋರ್ಸು. ಇದೆಯಾ, ಮಾರ್ಕೊಂಡ್ಯಾ?"

ಪೆರ್ಖ್ಟಾ ಮುದುಕಿಯಾಗಿದ್ದಳು. ಕೈಗಳು ದ್ರಾಕ್ಷಿಬಳ್ಳಿಯ ಬುಡದ ಹಾಗೆ ಗಂಟುಗಂಟಾಗಿದ್ದವು. ಗಂಟಿನಿಂದ ಹೊಸ ದ್ರಾಕ್ಷಿರಸದ ಜಾಡಿ ತೆಗೆದು ವಿಲ್ಬಿರ್ಗ್‌ಳ ಕೈಗಿಟ್ಟಳು. ಹಿಂದೆ ನಿಂತಿದ್ದ ಹುಡುಗಿಯನ್ನು ಮುಂದೆ ತಳ್ಳಿದಳು. "ಜೊಯ್ಟಾ, ಇವರೇ ನಿನ್ನ ಸೋದರಮಾವ."

ಹುಡುಗಿ ಒರ್ಟೋಲ್ಫನ ಕಿವಿಯನ್ನೇ ನೋಡುತ್ತಿದ್ದಳು. "ನಮ್ಮಮ್ಮ ಹೇಳಿದ್ದು ನಿಜಾನೇ," ಅಂದಳು. "ಮಾವ, ನಾನು ಮುಟ್ಲಾ?"

ಒರ್ಟೋಲ್ಫ್ ನಕ್ಕು ತಲೆ ಬಾಗಿಸಿದ. ನದಿಯ ಆಚೆಯೂ ಒಬ್ಬಳು ತಾಯಿ ಮಗಳಿಗೆ ಅದೇ ಕಥೆ ಹೇಳುತ್ತ ಬಂದಿದ್ದಳು ಅನ್ನುವುದು ಅವನಿಗೆ ಹೊಳೆಯಿತು.

ಅವಳು ಬಂದ ಕಾರಣ ಊಟದ ಹೊತ್ತಿಗೆ ಗೊತ್ತಾಯಿತು. ಗಂಡ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಪಾರುಪತ್ಯಗಾರ ಜೊಯ್ಟಾಳನ್ನು ಮೇಲ್‌ದಂಡೆಯ ದೂರದ ತೋಟದ ಮೇಸ್ತ್ರಿಗೆ ಕೊಡಲು ಹೊರಟಿದ್ದ. ಆ ಮೇಸ್ತ್ರಿಗೆ ಇವಳು ಮೂರನೆಯವಳು. ಹಿಂದಿನ ಇಬ್ಬರೂ ಮೆಟ್ಟಿಲಿಂದ ಬಿದ್ದು ಸತ್ತರು ಎಂದು ಅವನು ಹೇಳುತ್ತಿದ್ದ. ಆ ತೋಟದ ಮನೆಗೆ ಮೆಟ್ಟಿಲೇ ಇಲ್ಲ ಅಂತ ಜನ ಹೇಳುತ್ತಿದ್ದರು.

"ಅಪ್ಪನ ಷರತ್ತು ಇದೆಯಲ್ಲ," ಅಂದಳು ಪೆರ್ಖ್ಟಾ. "ಇವಳನ್ನ ತವರಿಗೆ ತಂದ್ಬಿಟ್ಟೆ ಅಂದ್ರೆ ಯಾರೂ ಮುಟ್ಟೋ ಹಾಗಿಲ್ಲ. ಪಾರುಪತ್ಯಗಾರ 'ಕೇಳ್ದೋರು ಯಾರು' ಅಂತಾನೆ. ಹಳೇ ಸಾಕ್ಷಿಗಳೆಲ್ಲ ಮಣ್ಣಾದ್ರು. ನೀನೊಬ್ಬ ಇದ್ದೀಯಲ್ಲ. ಸಭೆ ಸೋಮವಾರ. ಎದ್ದು ನಿಂತು ಎರಡು ಮಾತು ಹೇಳಿದ್ರೆ ಆಯ್ತು."

"ಅದಕ್ಕೇನಂತೆ ಅಕ್ಕಾ," ಅಂದ ಒರ್ಟೋಲ್ಫ್. "ಹೇಳ್ತೀನಿ."

ಹೇಳುವಾಗ ಮನಸ್ಸಿನಿಂದಲೇ ಹೇಳಿದ. ಆಮೇಲೆ ಸಭೆಯ ಪದ್ಧತಿ ನೆನಪಾಯಿತು. ಸಾಕ್ಷಿ ಹೇಳುವವನು ಮೊದಲು ತಾನು ಯಾರ ಆಳು, ಹೆತ್ತವರು ಯಾರ ಆಳುಗಳು ಎಂದು ನೆರೆದವರೆದುರು ಗಟ್ಟಿಯಾಗಿ ಹೇಳಬೇಕು. ಎದುರಿನ ಸ್ವತಂತ್ರರ ಬೆಂಚಿನ ಮೇಲೆ ರಪೋಟೋ ಕೂತಿರುತ್ತಾನೆ, ಮಕ್ಕಳ ಸಮೇತ.

ಇದನ್ನು ವಿಲ್ಬಿರ್ಗ್ ಅವನಿಗಿಂತ ಮೊದಲೇ ಲೆಕ್ಕ ಹಾಕಿದ್ದಳು. ಒಲೆಯ ಬಳಿ ಎಲೆಕೋಸು ಹೆಚ್ಚುತ್ತ, ತಲೆ ಎತ್ತದೆ, "ಏನ್ಮಾಡ್ತೀರೋ ಮಾಡಿ, ನಾನು ಅಡ್ಡ ಬರಲ್ಲ," ಅಂದಳು. "ಅಕ್ಕಂಗೂ ಹೂಂ, ಬೀಗರಿಗೂ ಹೂಂ, ಹಾಗ್ ಮಾತ್ರ ಮಾಡ್ಬೇಡಿ. ಒಂದನ್ನ ಈಗ್ಲೇ ಬಿಟ್ಬಿಡಿ."

"ಎರಡೂ ಆಗುತ್ತೆ. ನೋಡ್ತಾ ಇರು."

"ಹೇಗೆ?"

ಹೇಗೆ ಎಂದು ಅವನಿಗೂ ಗೊತ್ತಿರಲಿಲ್ಲ. ರಪೋಟೋಗೆ ಅವತ್ತು ಹೊಟ್ಟೆನೋವು ಬರಬಹುದು, ಮಳೆ ಬಂದು ಸಭೆ ಮುಂದಕ್ಕೆ ಹೋಗಬಹುದು. ಇಂಥ ಲೆಕ್ಕಗಳಲ್ಲೇ ದಿನ ನೂಕಿದ. ಇತ್ತ ದೀಮುಟ್ ಮತ್ತು ಜೊಯ್ಟಾ ಒಂದೇ ಹಾಸಿಗೆಯಲ್ಲಿ ಮಲಗುತ್ತ, ಒಂದೇ ಬಟ್ಟಲಲ್ಲಿ ಉಣ್ಣುತ್ತ, ಕಾರಣವಿಲ್ಲದೆ ಕಿಸಕ್ಕನೆ ನಗುತ್ತ ಗೋಪುರದ ತುಂಬ ಓಡಾಡುತ್ತಿದ್ದರು. ದೀಮುಟ್ ತನ್ನ ಪೆಟ್ಟಿಗೆಯಲ್ಲಿ ಜೊಯ್ಟಾಳ ಬಟ್ಟೆಗೆ ಆಗಲೇ ಜಾಗ ಮಾಡಿಕೊಟ್ಟಾಗಿತ್ತು.

ಸೋಮವಾರ ಮಳೆ ಬರಲಿಲ್ಲ. ರಪೋಟೋಗೆ ಹೊಟ್ಟೆನೋವೂ ಬರಲಿಲ್ಲ. ಲಿಂಡನ್ ಮರದ ಕೆಳಗೆ ಅವನು ಬೆಂಚಿನ ನಟ್ಟನಡುವೆ ಕೂತು ಒರ್ಟೋಲ್ಫನಿಗೆ ಕೈ ಬೀಸಿದ. ಬಿಳಿ ಕೋಲು ಹಿಡಿದ ನ್ಯಾಯಾಧೀಶ ಮೊದಲು ಹಂದಿಯ ಜಗಳವೊಂದನ್ನು, ಆಮೇಲೆ ಬೇಲಿಯ ಜಗಳವೊಂದನ್ನು ಮುಗಿಸಿ ಪೆರ್ಖ್ಟಾಳನ್ನು ಕರೆದ. ಅವಳು ತಡವರಿಸದೆ ಎಲ್ಲ ಹೇಳಿದಳು. ಬಿಷಪ್ಪನ ಹೊಸ ಪಾರುಪತ್ಯಗಾರ, ನುಣ್ಣಗೆ ಕ್ಷೌರ ಮಾಡಿಸಿಕೊಂಡಿದ್ದ ಎಳೆಯ ವಯಸ್ಸಿನವನು, ಕೈ ಒದರಿದ.

"ಯಾರ್ ಕೇಳಿದ್ರು ಇದನ್ನ? ಸತ್ತೋರನ್ನ ಕರೀಲಾ?"

"ನನ್ನ ತಮ್ಮ ಬದುಕಿದ್ದಾನೆ," ಅಂದಳು ಪೆರ್ಖ್ಟಾ. ಹೆಮ್ಮೆಯಿಂದ ಅಂದಳು.

ಒರ್ಟೋಲ್ಫ್ ಎದ್ದ. ಹೆಂಗಸರ ಗುಂಪಿನಲ್ಲಿ ದೀಮುಟ್ ಜೊಯ್ಟಾಳ ತೋಳು ಹಿಡಿದು ನಿಂತಿದ್ದಳು. ಆಗಲೇ ಮುಗುಳ್ನಗುತ್ತಿದ್ದಳು, ಗೊತ್ತಿರುವ ಕಥೆಯ ಒಳ್ಳೆಯ ಭಾಗ ಬರುವಾಗ ನಗುವ ಹಾಗೆ. ನ್ಯಾಯಾಧೀಶ ಕೇಳಿದ, "ನೀನು ಯಾರ ಆಳು, ಹೇಳು. ಆಮೇಲೆ ಏನು ಕೇಳಿದೆ, ಹೇಳು."

ಒರ್ಟೋಲ್ಫ್ ಬಾಯಿ ತೆರೆದ. ರಪೋಟೋ ಬೆಂಚಿನ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿದ. ಅಷ್ಟೇ ಸಾಕಾಯಿತು.

"ನಾನಾಗ ಚಿಕ್ಕವನು," ಅಂದ ಒರ್ಟೋಲ್ಫ್. "ನನಗೇನೂ ನೆನಪಿಲ್ಲ."

ಪೆರ್ಖ್ಟಾ ತಮ್ಮನಿಗೆ ಹೆದರಿಕೆಯಾಗಿದೆ ಅಂದುಕೊಂಡಳು, ಪಾಪ. ಹತ್ತಿರ ಬಂದಳು. ಗದರಲಿಲ್ಲ. ಗಂಟುಗೈಯಿಂದ ಅವನ ಕಿವಿ ಹಿಡಿದು ನ್ಯಾಯಾಧೀಶನಿಗೆ ಕಾಣುವಂತೆ ತಿರುಗಿಸಿದಳು.

"ನೋಡಿ ಸ್ವಾಮಿ. ನಮ್ಮಪ್ಪನ ಉಗುರಿನ ಗುರುತು. ಇವನಿಗೆ ನೆನಪಾಗುತ್ತೆ, ಒಂದ್ ಗಳಿಗೆ ಕೊಡಿ."

ಪಾರುಪತ್ಯಗಾರ ನಕ್ಕ. "ಯಾವ್ದೋ ನಾಯಿ ಕಚ್ಚಿದ್ರೂ ಹಾಗೇ ಆಗುತ್ತೆ."

ಜನರಲ್ಲಿ ಕೆಲವರು ನಕ್ಕರು. ನ್ಯಾಯಾಧೀಶ ಒರ್ಟೋಲ್ಫನ ಮುಖ ನೋಡಿದ. "ಏನಪ್ಪಾ, ಕಿವಿ ಮಾತಾಡಲ್ಲ, ನೀನು ಹೇಳ್ಬೇಕು. ಈ ಗುರುತು ಎಲ್ಲಿಂದ ಬಂತು?"

ಸುಮ್ಮನಿದ್ದರೂ ಆಗುತ್ತಿತ್ತು. ನೆನಪಿಲ್ಲ ಎಂದವನಿಗೆ ಅದೊಂದೇ ಮಾತು ಸಾಕಿತ್ತು. ಆದರೆ ಹೇಡಿಗೆ ಒಂದು ಸುಳ್ಳು ಕೈಗೆ ಸಿಕ್ಕರೆ ಅದನ್ನು ಬಿಡಲು ಮನಸ್ಸು ಬರುವುದಿಲ್ಲ.

"ನಾಯಿ ಕಚ್ಚಿದ್ದು," ಅಂದ.

ಪೆರ್ಖ್ಟಾಳ ಕೈ ಅವನ ಕಿವಿಯಿಂದ ಜಾರಿತು. ಕಿತ್ತುಕೊಳ್ಳಲಿಲ್ಲ, ಹಿಂಡಲಿಲ್ಲ, ಇನ್ನೊಂದು ಕಿವಿಗೂ ಕೈ ಹಾಕಲಿಲ್ಲ.

"ನಾಯಿನಾ," ಅಂದಳು, ಬರೀ ಅವನಿಗೆ ಕೇಳುವಷ್ಟು ಮೆಲ್ಲಗೆ. "ನಮ್ಮಪ್ಪನ್ನ ನಾಯಿ ಮಾಡ್ದೆಯಲ್ಲೋ."

ಪಾರುಪತ್ಯಗಾರನ ಜನ ಅಲ್ಲಿಂದಲೇ ತಾಯಿ ಮಗಳು ಇಬ್ಬರನ್ನೂ ದೋಣಿಕಟ್ಟೆಗೆ ಕರೆದೊಯ್ದರು. ಜೊಯ್ಟಾ ಅಳಲಿಲ್ಲ. ಹೋಗುವಾಗ ಹಿಂದೆ ತಿರುಗಿ ಮಾವನ ಮುಖವನ್ನು ಒಮ್ಮೆ ನೋಡಿದಳು, ಇವರು ನಿಜವಾಗಿ ನಮ್ಮ ಮಾವನೇ ಹೌದೇ ಎಂದು ಅನುಮಾನ ಬಂದವರ ಹಾಗೆ. ಒರ್ಟೋಲ್ಫನಿಗೆ ಮೈಯೆಲ್ಲ ಉರಿಯಿತು. ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದ. ನೆಲ ಬಾಯಿ ಬಿಡಲಿಲ್ಲ, ಅದರ ಬದಲು ರಪೋಟೋ ಬಂದು ಹೆಗಲ ಮೇಲೆ ಕೈ ಹಾಕಿದ. ಸ್ವಲ್ಪ ದೂರ ಕುದುರೆಗಳನ್ನು ನಡೆಸಿಕೊಂಡು ಇಬ್ಬರೂ ಜೊತೆಗೆ ಹೋದರು.

"ಬೀಗರೇ, ಒಂದ್ ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ," ಅಂದ ರಪೋಟೋ. "ನಾವು ಕೂತಿದ್ವಿ ಅಂತ ಹಾಗಂದ್ರಾ?"

ಒರ್ಟೋಲ್ಫ್ ಕುದುರೆಯ ಕಡಿವಾಣ ಸರಿಮಾಡತೊಡಗಿದ.

"ಅಯ್ಯೋ ದೇವ್ರೇ. ಹೆಣ್ಣು ಕೇಳೋಕೆ ಮುಂಚೆ ನಾನು ನಾಲ್ಕು ಕಡೆ ವಿಚಾರಿಸಲ್ವಾ? ನಿಮ್ಮಪ್ಪ ಯಾರು, ಅಮ್ಮ ಯಾರು, ಎಲ್ಲಾ ಗೊತ್ತು ನನಗೆ. ನಿಮ್ಮ ತಾತನ ಬವೇರಿಯದ ಕಥೆ ಮನೇಲಿ ಹೇಳಿದೆ, ನಮ್ಮ ಹೆಂಗಸರು ಹೊಟ್ಟೆ ಹಿಡ್ಕೊಂಡು ನಕ್ರು." ರಪೋಟೋ ಆಗಲೂ ಸ್ವಲ್ಪ ನಕ್ಕ. "ಸಂತ ಮಾರ್ಟಿನ್ನನ ಹಬ್ಬ ಕಳೀಲಿ, ನಾನೇ ಹೋಗಿ ಡ್ಯೂಕನ ಕೈಯೊಳಗೆ ಕೈ ಇಟ್ಟು ಆಳಾಗ್ತೀನಿ. ಈ ಸ್ವಾತಂತ್ರ್ಯ ಇಟ್ಕೊಂಡು ಏನ್ ಮಾಡ್ಲಿ, ಸೋರೋ ಸೂರಿಗೆ ಹೊದಿಸ್ಲಾ? ಡ್ಯೂಕನ ಮನುಷ್ಯರ ಸಂಬಂಧ ಇರ್ಲಿ ಅಂತಾನೇ ನಿಮ್ಮ ಹುಡುಗೀನ ಕೇಳಿದ್ದು."

ಬೇರೆಯಾಗುವ ಕವಲಿನಲ್ಲಿ ರಪೋಟೋ ನಿಂತ. ಈ ಸಲ ನಗಲಿಲ್ಲ.

"ಆ ಹೆಂಗಸು ನಿಮ್ಮ ಒಡಹುಟ್ಟಿದೋಳೇ ತಾನೇ?" ಅಂದ. ಉತ್ತರಕ್ಕೆ ಕಾದ. ಆಮೇಲೆ "ಇರ್ಲಿ ಬಿಡಿ, ನಮಗ್ಯಾಕೆ. ಹುಡುಗಿ ಒಳ್ಳೇವಳು," ಅಂತ ಕುದುರೆ ತಿರುಗಿಸಿದ.

ಆಗಲೇ ಕುದುರೆಯನ್ನು ದೋಣಿಕಟ್ಟೆಗೆ ಓಡಿಸಿದ್ದರೆ ಅಕ್ಕನೂ ಜೊಯ್ಟಾಳೂ ಸಿಗುತ್ತಿದ್ದರೇನೋ. ಒರ್ಟೋಲ್ಫ್ ಮನೆಯ ದಾರಿ ಹಿಡಿದ.

ಗೋಪುರದಲ್ಲಿ ಪೆರ್ಖ್ಟಾಳ ಜಾಡಿ ಇನ್ನೂ ಮೇಜಿನ ಮೇಲಿತ್ತು, ಅರ್ಧ ತುಂಬಿಕೊಂಡು. ದೀಮುಟ್ ಜೊಯ್ಟಾಳ ಇನ್ನೊಂದು ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು ಮಡಿಸುತ್ತಿದ್ದಳು. ಮಗಳು ಬೈಯುತ್ತಾಳೆ, ಕೂಗುತ್ತಾಳೆ ಅಂತ ಅವನು ಬಾಗಿಲಲ್ಲೇ ಸಿದ್ಧನಾಗಿ ನಿಂತ. ಅವಳು "ಊಟ ಬಡಿಸ್ಲಾ ಅಪ್ಪಾ?" ಅಂತ ಮಾತ್ರ ಕೇಳಿದಳು. ಅವನಿಗೆ ಆ ಮರ್ಯಾದೆಯಷ್ಟು ಕೆಟ್ಟ ಪೆಟ್ಟು ಬಾಳಿನಲ್ಲಿ ಬಿದ್ದಿರಲಿಲ್ಲ. ಕೂದಲು ಬಿಡತೊಡಗಿದ್ದು ಆ ವಾರದಿಂದಲೇ.

ಒರ್ಟೋಲ್ಫ್ ಪೂರ್ತಿ ಕೆಟ್ಟವನಾಗಿದ್ದರೆ ಅಲ್ಲಿಗೇ ಮರೆತು ಹಾಯಾಗಿರುತ್ತಿದ್ದ. ಕೆಲವು ದಿನ ಒದ್ದಾಡಿ ನ್ಯಾಯಾಧೀಶನ ಮನೆಗೆ ಹೋದ. ನ್ಯಾಯಾಧೀಶ ಹೊಗೆಯಾಡಿಸಿದ ಹಂದಿಮಾಂಸ ಕುಯ್ಯುತ್ತ ಕೂತಿದ್ದ, ಎದುರು ಕೂರಲು ಹೇಳಲಿಲ್ಲ.

"ನನಗೆ ನೆನಪಿದೆ ಸ್ವಾಮಿ. ಒಂದೊಂದು ಮಾತೂ ನೆನಪಿದೆ."

"ನನಗ್ಗೊತ್ತು," ಅಂದ ನ್ಯಾಯಾಧೀಶ. "ಅವತ್ತು ಮರದ ಕೆಳಗೆ ಇದ್ದೋರಿಗೆಲ್ಲ ಗೊತ್ತಾಯ್ತು. ಆದ್ರೆ ಗೊತ್ತಾಗೋದು ಬೇರೆ, ಸಾಕ್ಷಿ ಬೇರೆ. ಸಭೇಲಿ ಆಡಿದ ಸುಳ್ಳನ್ನ ಸಭೇಲೇ ವಾಪಸ್ ತಗೋಬೇಕು. ವಸಂತದ ಸಭೆಗೆ ಬಾ. ಎಲ್ಲರೆದುರು ನಿಂತು 'ಸುಳ್ಳು ಹೇಳ್ದೆ' ಅನ್ನು. ಆಮೇಲೆ ಈ ಊರಲ್ಲಿ ನಿನ್ನ ಕಿವಿ ಯಾರೂ ಹಿಂಡಲ್ಲ, ಅದಕ್ಕೆ ಒಪ್ಕೋ. ಆದ್ರೆ ಹುಡುಗಿ ಉಳೀತಾಳೆ. ಅಲ್ಲೀ ತನಕ ಮದುವೆ ಮಾಡ್ಬೇಡಿ ಅಂತ ನಾನು ಆ ಪಾರುಪತ್ಯಗಾರನಿಗೆ ಹೇಳೋಕಾಗಲ್ಲ, ಅವನು ನನ್ನ ಮಾತು ಕೇಳೋನೂ ಅಲ್ಲ."

"ಬರ್ತೀನಿ," ಅಂದ ಒರ್ಟೋಲ್ಫ್. ದಾರಿಯುದ್ದಕ್ಕೂ ಆ ಮಾತನ್ನು ಗಟ್ಟಿಯಾಗಿ ಹೇಳಿಕೊಂಡೇ ಬಂದ. ಹೇಳಿಹೇಳಿ ಒಂಥರಾ ಧೈರ್ಯ ಬಂದಿತ್ತು.

ಚಳಿಗಾಲ ಇಳಿಯಿತು. ಕ್ರಿಸ್‌ಮಸ್ಸಿಗೆ ಮುಂಚೆ ಉಪ್ಪು ಮಾರುವವನೊಬ್ಬ ಒಲೆಯ ಬಳಿ ಕೈ ಕಾಯಿಸಿಕೊಳ್ಳುತ್ತ ನದಿಯಾಚೆಯ ಸುದ್ದಿ ಹೇಳಿದ. ಪೆರ್ಖ್ಟಾಳ ಮಗಳ ಮದುವೆಯಾಯಿತು, ಹಿಮ ಬೀಳುವ ಮೊದಲೇ ಮೇಸ್ತ್ರಿ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದ. ತಾಯಿಯನ್ನು ಜೊತೆಗೆ ಬಿಡಲಿಲ್ಲ.

ಒರ್ಟೋಲ್ಫ್ ತಲೆ ತಗ್ಗಿಸಿ ಕೂತ. ಎದೆ ಹಿಂಡಿದ್ದು ನಿಜ. ಆದರೆ ಅದರ ಬೆನ್ನಿಗೇ ಇನ್ನೊಂದು ಬಂತು: ಇನ್ನು ವಸಂತದ ಸಭೆಗೆ ಹೋಗಬೇಕಾಗಿಲ್ಲ. ಹುಡುಗಿಯೇ ಹೋದ ಮೇಲೆ ಸುಳ್ಳನ್ನು ವಾಪಸು ತೆಗೆದುಕೊಂಡು ಯಾರಿಗೇನು ಲಾಭ? ಮನಸ್ಸು ಹಗುರವಾಯಿತು. ಹೀಗೆ ಹಗುರವಾದದ್ದಕ್ಕೆ ಅವನಿಗೇ ತನ್ನ ಮೇಲೆ ಹೇಸಿಗೆಯಾಯಿತು. ತಲೆ ಎತ್ತಿದರೆ ಎದುರಿಗೆ ದೀಮುಟ್, ಉಪ್ಪಿನ ಚೀಲ ಹಿಡಿದು ನಿಂತಿದ್ದಳು. ಅವನ ಮುಖದ ಮೇಲೆ ಆ ಹಗುರವಾದದ್ದನ್ನು ಅವಳು ಕಂಡಳೋ ಇಲ್ಲವೋ, ಅವನಿಗೆ ಕೊನೆಯ ತನಕ ತಿಳಿಯಲಿಲ್ಲ. ವಸಂತದ ಸಭೆ ಬಂತು, ಹೋಯಿತು. ಅವತ್ತು ಒರ್ಟೋಲ್ಫ್ ಬೇಲಿ ಕಟ್ಟಿಸುತ್ತಿದ್ದ.

ಈಸ್ಟರ್ ಆದ ಮೇಲೆ ಷ್ಟೈನೆಕ್‌ನಲ್ಲಿ ಮದುವೆ. ರಪೋಟೋ ಆಗಲೇ ಡ್ಯೂಕನ ಆಳಾಗಿದ್ದ, ಸೂರಿಗೆ ಹೊಸ ಹಲಗೆ ಬಂದಿತ್ತು. ಬಾತುಕೋಳಿ, ಕುರಿ, ಗಸಗಸೆ ರೊಟ್ಟಿ, ಪೀಪಾಯಿಗಟ್ಟಲೆ ವೈನ್. ಒರ್ಟೋಲ್ಫ್ ಮಾರನೆಯ ಬೆಳಿಗ್ಗೆ ನೀರು ಹಚ್ಚಿ ಕೂದಲನ್ನು ಹಿಂದಕ್ಕೆ ಬಾಚಿಕೊಂಡ. ಕಿವಿ ಎಷ್ಟೋ ತಿಂಗಳ ಮೇಲೆ ಗಾಳಿ ಕಂಡಿತು. ಅದಕ್ಕೊಂದು ಕಾರಣವಿತ್ತು.

ನಮ್ಮ ಕಡೆ ಮದುವೆಯ ಮಾರನೆಯ ಬೆಳಿಗ್ಗೆ ಗಂಡ ಹೆಂಡತಿಗೆ ಒಂದು ಆಸ್ತಿ ಕೊಡುತ್ತಾನೆ. ಅದು ಅವಳದೇ, ಗಂಡ ಸತ್ತರೂ ಯಾರೂ ಕಿತ್ತುಕೊಳ್ಳುವಂತಿಲ್ಲ. ದೀಮುಟ್‌ಗೆ ಸಿಕ್ಕಿದ್ದು ತೊರೆಯ ಪಕ್ಕದ ಒಂದು ಹುಲ್ಲುಗಾವಲು. ಆ ಮಾತಿಗೆ ಸಾಕ್ಷಿಗಳನ್ನು ಹೆಣ್ಣೇ ಆರಿಸಿ, ತನ್ನ ಕೈಯಿಂದಲೇ ಅವರ ಕಿವಿ ಹಿಂಡಬೇಕು. ಇದು ಮದುವೆಯ ಅತಿ ಗಲಾಟೆಯ ಹೊತ್ತು. ಬಂಧುಗಳೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಾರೆ, ಹುಡುಗಿ ಒಬ್ಬೊಬ್ಬರದೇ ಹಿಂಡುತ್ತ ಬರುತ್ತಾಳೆ, ಗಂಡಸರು ಸುಳ್ಳುಸುಳ್ಳೇ ಕಿರುಚುತ್ತಾರೆ. ಸಾಲಿನಲ್ಲಿ ಹುಡುಗಿಯ ಅಪ್ಪನ ಕಿವಿ ತಪ್ಪಿದ ಮದುವೆಯನ್ನು ನಾವ್ಯಾರೂ ಕಂಡಿರಲಿಲ್ಲ.

"ನಿಧಾನ ಕಣಮ್ಮಾ! ನಾನು ಇನ್ನೂ ಕಿವಿ ಇಟ್ಕೊಂಡು ಬದುಕ್ಬೇಕು," ಅಂತ ರಪೋಟೋ ಕುಣಿದಾಡಿದ. ಮದುಮಗನ ಅಣ್ಣ ಬೊಬ್ಬೆ ಹಾಕಿದ. ನ್ಯಾಯಾಧೀಶ ತಾನಾಗೇ ಬಾಗಿ ಕಿವಿ ಕೊಟ್ಟ. ದೀಮುಟ್ ಎಲ್ಲರ ಕಿವಿಯನ್ನೂ ಗಟ್ಟಿಯಾಗಿ ಹಿಂಡುತ್ತ, ನಗುತ್ತ, ಹೂಮುಡಿ ಜಾರಿದ್ದನ್ನು ಸರಿಮಾಡಿಕೊಳ್ಳುತ್ತ ಬಂದಳು. ಒರ್ಟೋಲ್ಫ್ ಸಾಲಿನ ಕೊನೆಗೆ ಹತ್ತಿರ ನಿಂತಿದ್ದ. ಮಗಳು ಕುಳ್ಳಿ. ಅವಳ ಕೈಗೆ ಸಿಗಲಿ ಅಂತ ಅವನು ಮೊದಲೇ ಮೊಣಕಾಲು ಸ್ವಲ್ಪ ಬಗ್ಗಿಸಿ, ಎಡಗಿವಿಯನ್ನು ಮುಂದೆ ಮಾಡಿದ. ಚೆನ್ನಾಗಿ ಹಿಂಡಲಿ, ರಕ್ತ ಬರಲಿ, ಇನ್ನೊಂದು ಕಚ್ಚು ಬೀಳಲಿ ಎಂದು ಅವನು ನಿಜವಾಗಿಯೂ ಬೇಡಿಕೊಳ್ಳುತ್ತಿದ್ದ.

ದೀಮುಟ್ ಅವನ ಎದುರು ಬಂದು ನಿಂತಳು. ಕೈ ಎತ್ತಿದಳು. ಚಿಕ್ಕವಳಿದ್ದಾಗ ಇಡುತ್ತಿದ್ದ ಹಾಗೆಯೇ ಬೆರಳನ್ನು ಕಚ್ಚಿನಲ್ಲಿ ಒಂದು ಗಳಿಗೆ ಇಟ್ಟಳು. ಒರ್ಟೋಲ್ಫ್ ಕಣ್ಣು ಮುಚ್ಚಿದ.

"ನನಗೆ ಮರೆಯದೇ ಇರೋರು ಬೇಕಪ್ಪಾ," ಅಂದಳು, ಮೆಲ್ಲಗೆ, ಸಿಟ್ಟಿಲ್ಲದೆ.

ಆಮೇಲೆ ಅವನ ಒದ್ದೆ ಕೂದಲನ್ನು ಬೆರಳಿನಿಂದ ಎಳೆದು ಕಿವಿಯ ಮೇಲೆ ಮುಚ್ಚಿದಳು, ಜನ ನೋಡಬಾರದ್ದನ್ನು ಮುಚ್ಚುವ ಹಾಗೆ. ಪಕ್ಕದಲ್ಲಿ ಕುದುರೆ ಲಾಯದ ಮುದುಕ ನಿಂತಿದ್ದ. ಅವಳು ಅವನ ಕಿವಿ ಹಿಡಿದು ಎಳೆದಳು. ಮುದುಕ ಜೋರಾಗಿ ಕಿರುಚಿದ, ಅಂಗಳದ ತುಂಬ ಜನ ನಕ್ಕರು.